ಗುಡಿಯ ಕಲ್ಲನ್ನು ಓದುವ ಪಾಠ



ನಾವು ದಿನವೂ ಗುಡಿಗೆ ಹೋಗುತ್ತೇವೆ; ಪ್ರದಕ್ಷಿಣೆ ಮಾಡಿ, ಮಂಗಳಾರತಿಯನ್ನು ಕಣ್ಣಿಗೊತ್ತಿಕೊಂಡು, ತೀರ್ಥಪ್ರಸಾದಗಳನ್ನು ಸ್ವೀಕರಿಸಿ ಹಿಂದಿರುಗುತ್ತೇವೆ. ಕೈಹಿಡಿದು ಬಂದ ಮೊಮ್ಮಗುವು, “ತಾತಾ, ಅಮ್ಮನವರ ಈ ಕೈ ಏಕೆ ಹೀಗಿದೆ? ಕಂಬದ ಮೇಲಿನ ಆ ಪ್ರಾಣಿ ಯಾವುದು?” ಎಂದು ಕೇಳಿದರೆ, “ಸುಮ್ಮನೆ ಕೈಮುಗಿ” ಎಂದು ಗದರಿಸಿ ಮುಂದೆ ನಡೆಯುತ್ತೇವೆ. ಇದು ಭಕ್ತಿಯ ಕೊರತೆಯಲ್ಲ, ಮಾತಿನ ಕೊರತೆ. ಮನೆಯಲ್ಲಿ ನಮ್ಮದು ಕನ್ನಡ. ಶಾಲೆ, ಸಂತೆ, ಕಚೇರಿಗಳಲ್ಲಿ ತಮಿಳು. ಶಿಲ್ಪದ ಹೆಸರುಗಳು ಎರಡು ಭಾಷೆಗಳಲ್ಲಿಯೂ ಸಮೃದ್ಧವಾಗಿ ಉಂಟು. ಆದರೆ ಒಂದರಲ್ಲಿಯೂ ನಾವು ಅವನ್ನು ಕಲಿಯಲಿಲ್ಲ.

ಈ ಕೊರತೆಯಿಂದ ಒದಗಿದ ನಷ್ಟವೊಂದನ್ನು ಮೊದಲೇ ಒಪ್ಪಿಕೊಳ್ಳುವುದು ನನ್ನ ಕರ್ತವ್ಯ. ಬಹಳ ವರ್ಷಗಳ ಹಿಂದೆ ನಮ್ಮ ಗುಡಿಯ ಅಂಗಳಕ್ಕೆ ಕಲ್ಲು ಹಾಸಿದಾಗ, ಬೇವಿನ ಮರದ ಬುಡದಲ್ಲಿ ಒರಗಿದ್ದ ಒಂದು ಚಪ್ಪಟೆಕಲ್ಲನ್ನು ಎತ್ತಿ ತಂದ ಯುವಕರಲ್ಲಿ ನಾನೂ ಒಬ್ಬ. ನಮ್ಮ ಅಜ್ಜಿ ಅದನ್ನು “ಹುಲಿಕಲ್ಲು” ಎಂದು ಕರೆದು, ಅಮಾವಾಸ್ಯೆಯಂದು ಅಲ್ಲಿ ದೀಪವಿಡುತ್ತಿದ್ದಳು. ನಮಗೆ ಅದು ಎಣ್ಣೆ ಹಿಡಿದ ಹಾಳುಗಲ್ಲು. ಕೆತ್ತನೆಯ ಮುಖವನ್ನು ಕೆಳಗೆ ಮಾಡಿ, ನಯವಾದ ಬೆನ್ನನ್ನು ಮೇಲೆ ಮಾಡಿ ಅದನ್ನು ಮೆಟ್ಟಿಲಾಗಿ ಹೂಡಿದೆವು. ಈ ಸಲದ ಜೀರ್ಣೋದ್ಧಾರಕ್ಕಾಗಿ ಆ ಮೆಟ್ಟಿಲನ್ನು ಎತ್ತಿದಾಗ, ಸ್ಥಪತಿಗಳು ಮಣ್ಣು ತೊಳೆದು ನೋಡಿ, “ಅಯ್ಯಾ, ಇದು ಪುಲಿಕ್ಕುತ್ತಿಕ್ಕಲ್ ಅಲ್ಲವೇ? ಇದನ್ನು ತುಳಿಯುವಂತೆ ಹೂಡಿದವರು ಯಾರು?” ಎಂದು ಕೇಳಿದರು. ನಾನು ಉತ್ತರ ಕೊಡಲಾರದೆ ನಿಂತೆನು.

ಪುಲಿ ಎಂದರೆ ಹುಲಿ, ಕುತ್ತಿ ಎಂದರೆ ಇರಿದು, ಕಲ್ ಎಂದರೆ ಕಲ್ಲು. ದನಕರುಗಳನ್ನೂ ಊರನ್ನೂ ಕಾಯಲು ಹುಲಿಯೊಡನೆ ಹೋರಾಡಿದ ವೀರನ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಕೊಂಗುನಾಡಿನಲ್ಲಿ ಇಂಥವು ಹಲವು ಕಡೆ ಉಂಟು. ಕನ್ನಡದಲ್ಲಿ ಇಂಥ ಕಲ್ಲಿಗೆ ವೀರಗಲ್ಲು ಎಂದೂ ತಮಿಳಿನಲ್ಲಿ ನಡುಗಲ್ ಎಂದೂ ಹೆಸರು. ಕನ್ನಡನಾಡಿನ ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಹಂತಗಳು: ಕೆಳಗೆ ಹೋರಾಟ, ನಡುವೆ ವೀರನನ್ನು ಅಪ್ಸರೆಯರು ಸ್ವರ್ಗಕ್ಕೆ ಒಯ್ಯುವುದು, ಮೇಲೆ ಶಿವಸನ್ನಿಧಿ. ನಮ್ಮ ಸೀಮೆಯ ಹುಲಿಕಲ್ಲಿನಲ್ಲಿ ಹೆಚ್ಚಾಗಿ ಒಂದೇ ನೋಟ: ಮೇಲೆ ಹಾರುವ ಹುಲಿ, ಅದನ್ನು ಇರಿಯುವ ಮನುಷ್ಯ. ಅಜ್ಜಿಯ ಬಾಯಲ್ಲಿ ಹೆಸರು ಇದ್ದಷ್ಟು ಕಾಲ ಕಲ್ಲು ಪೂಜೆಯಲ್ಲಿತ್ತು. ಹೆಸರಿನ ಅರ್ಥ ಮರೆತ ದಿನವೇ ಅದು ಕಾಲಡಿಗೆ ಬಿತ್ತು. ಆದಕಾರಣ ಗುಡಿಯ ಕಲ್ಲುಗಳ ಹೆಸರುಗಳನ್ನು ಎರಡು ಭಾಷೆಗಳಲ್ಲಿಯೂ ಕಲಿಯೋಣವೆಂದು ಈ ಪಾಠವನ್ನು ಬರೆದಿದ್ದೇನೆ.

೧. ಗುಡಿಯ ದೇಹ

ಶಿಲ್ಪಶಾಸ್ತ್ರವು ವಿಮಾನವನ್ನು ಒಂದು ದೇಹವೆಂದೇ ಭಾವಿಸಿ, ಅದಕ್ಕೆ 6 ಅಂಗಗಳನ್ನು ಹೇಳುತ್ತದೆ. ಕೆಳಗಿನಿಂದ ಮೇಲಕ್ಕೆ ಅವು ಯಾವುವೆಂದರೆ: ಅಧಿಷ್ಠಾನ, ಪಾದ, ಪ್ರಸ್ತರ, ಗ್ರೀವ, ಶಿಖರ, ಸ್ತೂಪಿ. ಅಧಿಷ್ಠಾನವು ಪೀಠ. ಪಾದವೆಂದರೆ ಕಂಬಗಳಿಂದ ಕೂಡಿದ ಗೋಡೆಯ ಭಾಗ. ಪ್ರಸ್ತರವು ಹೆಗಲಿನಂತೆ ಮುಂದಕ್ಕೆ ಚಾಚಿದ ಸೂರಿನ ಭಾಗ. ಗ್ರೀವವು ಕೊರಳು, ಶಿಖರವು ತಲೆ, ಸ್ತೂಪಿಯು ಕಲಶ. ಕುಂಭಾಭಿಷೇಕದ ದಿನ ಪುಣ್ಯಜಲವು ಬೀಳುವುದು ಈ ಕಲಶದ ಮೇಲೆ. ಅದಕ್ಕೆ ತಮಿಳಿನಲ್ಲಿ ಕುಡಮುಳುಕ್ಕು ಎಂದು ಹೆಸರು. ಕುಡ ಎಂದರೆ ಕೊಡ, ಮುಳುಕ್ಕು ಎಂದರೆ ಮೀಯಿಸುವುದು.

ಅಧಿಷ್ಠಾನದಲ್ಲಿಯೂ ಪಟ್ಟೆಪಟ್ಟೆಯಾಗಿ ಭಾಗಗಳುಂಟು. ನೆಲಕ್ಕೆ ತಾಗಿದ್ದು ಉಪಾನ. ಅದರ ಮೇಲೆ ನೆಟ್ಟಗೆ ನಿಂತ ಅಗಲವಾದ ಪಟ್ಟೆ ಜಗತಿ. ಉರುಟಾಗಿಯೋ ಪಟ್ಟಪಟ್ಟಿಯಾಗಿಯೋ ಉಬ್ಬಿರುವುದು ಕುಮುದ. ಒಳಕ್ಕೆ ಸರಿದಿರುವುದು ಕಂಠ. ಮೇಲಿನ ಹಲಗೆಯಂಥದ್ದು ಪಟ್ಟಿಕೆ. ಈ ಹೆಸರುಗಳನ್ನು ನೆನಪಿನಲ್ಲಿಡತಕ್ಕದ್ದು. ಹಳೆಯ ಶಾಸನಗಳು ಬಹುಮಟ್ಟಿಗೆ ಜಗತಿ, ಕುಮುದ ಮತ್ತು ಗೋಡೆಗಳ ಮೇಲೆಯೇ ಇರುತ್ತವೆ.

ಉಳಿದ ಭಾಗಗಳಲ್ಲಿ ಎರಡು ಭಾಷೆಗಳ ನಂಟನ್ನು ನೋಡಿರಿ. ಗರ್ಭಗುಡಿಗೆ ತಮಿಳಿನಲ್ಲಿ ಕರುವರೈ. ಕನ್ನಡದಲ್ಲಿ ಸುಕನಾಸಿ ಎಂಬುದಕ್ಕೆ ಇಲ್ಲಿ ಅರ್ಧಮಂಡಪ, ನವರಂಗಕ್ಕೆ ಮಹಾಮಂಡಪ. ಕಂಬಕ್ಕೆ ತೂಣ್, ಕಂಬದ ತಲೆಯ ಮೇಲೆ ತೊಲೆಯನ್ನು ಹೊರುವ ತೋಳಿನಂಥ ಕಲ್ಲಿಗೆ ಪೋದಿಗೈ. ಸೂರಿನ ಬಾಗಿದ ಕಲ್ಲಿಗೆ ಸಂಸ್ಕೃತದಲ್ಲಿ ಕಪೋತ, ತಮಿಳಿನಲ್ಲಿ ಕೊಡುಂಗೈ. ಧ್ವಜಸ್ತಂಭಕ್ಕೆ ಕೊಡಿಮರಂ. ಗೋಡೆಯಲ್ಲಿ ದೇವತೆಯನ್ನಿಡುವ ಮಾಡಕ್ಕೆ ಕೋಷ್ಠ, ತಮಿಳಿನಲ್ಲಿ ಕೋಷ್ಟಂ. ಸಿಂಹದ ಮೈಗೆ ಆನೆಯ ಸೊಂಡಿಲು ಕೂಡಿದಂತೆ ಕಂಬದ ಮೇಲೆ ನೆಗೆದು ನಿಂತ ಪ್ರಾಣಿಯೇ ಯಾಳಿ. ಮೊಮ್ಮಗುವಿನ ಪ್ರಶ್ನೆಗೆ ಇದೇ ಉತ್ತರ. ಗೋಪುರದ ಅಂತಸ್ತಿಗೆ ತಮಿಳರು ನಿಲೈ ಎನ್ನುತ್ತಾರೆ. ಕನ್ನಡದಲ್ಲಿ ಏಳುನೆಲೆಯ ಉಪ್ಪರಿಗೆ ಎಂಬಲ್ಲಿನ ನೆಲೆಯೂ ಅದೇ.

೨. ಕಲ್ಲು ಮತ್ತು ಕೈ

ಎಲ್ಲ ಕಲ್ಲೂ ವಿಗ್ರಹಕ್ಕೆ ಸಲ್ಲುವುದಿಲ್ಲ. ಶಾಸ್ತ್ರವು ಕಲ್ಲನ್ನು ಪುಂಶಿಲೆ, ಸ್ತ್ರೀಶಿಲೆ, ನಪುಂಸಕಶಿಲೆ ಎಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. ಪರೀಕ್ಷೆಯು ಕಿವಿಯಿಂದ. ತಟ್ಟಿದಾಗ ಗಂಟೆಯಂತೆ ಗಂಭೀರವಾಗಿ ಮೊಳಗುವ ಕಲ್ಲು ಪುಂಶಿಲೆ, ದೇವರ ವಿಗ್ರಹಕ್ಕೆ ತಕ್ಕದ್ದು. ತಾಳದಂತೆ ಇಂಪಾಗಿ ನಾದಗೊಡುವುದು ಸ್ತ್ರೀಶಿಲೆ, ದೇವಿಯರ ವಿಗ್ರಹಕ್ಕೂ ಪೀಠಕ್ಕೂ ತಕ್ಕದ್ದು. ನಾದವಿಲ್ಲದ್ದು ನಪುಂಸಕಶಿಲೆ, ಅಡಿಪಾಯಕ್ಕೆ ಸಲ್ಲುತ್ತದೆ. ಇದರಲ್ಲಿ ಲೋಕಾನುಭವವೂ ಅಡಗಿದೆ: ಒಳಗೆ ಬಿರುಕುಳ್ಳ ಕಲ್ಲು ಎಂದಿಗೂ ಚೆನ್ನಾಗಿ ಮೊಳಗುವುದಿಲ್ಲ.

ಬೇಲೂರಿಗೆ ಯಾತ್ರೆ ಹೋಗಿ ಬಂದವರು, “ಅಲ್ಲಿಯ ಕುಸುರಿಗೆಲಸ ನಮ್ಮ ಸೀಮೆಯಲ್ಲಿ ಏಕಿಲ್ಲ?” ಎಂದು ಕೇಳುವುದುಂಟು. ಕಾರಣವು ಕಲ್ಲಿನಲ್ಲಿದೆ. 1117ರಲ್ಲಿ ಹೊಯ್ಸಳ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇವಾಲಯವು ಬಳಪದ ಕಲ್ಲಿನದು. ಗಣಿಯಿಂದ ತೆಗೆದಾಗ ಅದು ಮೃದುವಾಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಆದುದರಿಂದ ಮದನಿಕೆಯರ ಬಳೆ, ಉಂಗುರಗಳನ್ನೂ ಕಂಡರಿಸಲು ಸಾಧ್ಯವಾಯಿತು. ನಮ್ಮ ಕೊಂಗುನಾಡಿನದು ಕಗ್ಗಲ್ಲು. ಉಳಿಯ ಮೊನೆಯನ್ನೇ ಮುರಿಯುವಂಥದ್ದು. ಇಲ್ಲಿಯ ಶಿಲ್ಪಿಯು ಸಣ್ಣ ಕುಸುರಿಗಿಂತ ದೊಡ್ಡ ನಿಲುವನ್ನೂ ಆವೇಗವನ್ನೂ ನಂಬಿದನು. ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆಯಬಾರದು.

ಕೆಲಸಗಾರರ ಹೆಸರುಗಳನ್ನೂ ಅರಿಯೋಣ. ಇಡೀ ಕಟ್ಟಡವನ್ನು ನಿಯೋಜಿಸುವವನು ಸ್ಥಪತಿ. ಕಲ್ಲು ಕಡಿಯುವವನು ಕನ್ನಡದಲ್ಲಿ ಕಲ್ಕುಟಿಗ, ತಮಿಳಿನಲ್ಲಿ ಕಲ್ ತಚ್ಚನ್. ಹೊಯ್ಸಳರ ಕಾಲದ ಶಾಸನಗಳಲ್ಲಿ ವಿಗ್ರಹ ಮಾಡುವವನಿಗೆ ರೂವಾರಿ ಎಂಬ ಸೊಗಸಾದ ಹೆಸರುಂಟು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರು ತಮ್ಮ ಹೆಸರುಗಳನ್ನು ವಿಗ್ರಹಗಳ ಕೆಳಗೆ ಕನ್ನಡದಲ್ಲಿ ಬರೆದಿಟ್ಟಿದ್ದಾರೆ. ನಮ್ಮಲ್ಲಿಯೂ ಈ ವಿದ್ಯೆ ಜೀವಂತವಾಗಿದೆ. ಅವಿನಾಶಿಗೂ ತಿರುಪ್ಪೂರಿಗೂ ನಡುವಣ ತಿರುಮುರುಗನ್‌ಪೂಂಡಿಯಲ್ಲಿ ಶಿಲ್ಪಶಾಲೆಗಳು ಇಂದಿಗೂ ನಡೆಯುತ್ತಿವೆ. ಅಲ್ಲಿ ಒಂದು ಗಳಿಗೆ ನಿಂತರೆ, ಕನ್ನಡದ ಉಳಿಗೆ ತಮಿಳಿನಲ್ಲಿಯೂ ಉಳಿಯೆಂದೇ ಹೆಸರೆಂಬುದೂ, ಸುತ್ತಿಗೆಯು ಸುತ್ತಿಯಲ್ ಆಗಿರುವುದೂ ಕಿವಿಗೆ ಬೀಳುತ್ತದೆ.

ಕೆತ್ತನೆಯಲ್ಲಿ ಮೂರು ಬಗೆ. ಸುತ್ತಲೂ ನೋಡಬಹುದಾದ ಪೂರ್ಣವಿಗ್ರಹವು ಚಿತ್ರ. ಗೋಡೆಗೋ ಕಂಬಕ್ಕೋ ಅಂಟಿಕೊಂಡು ಮುಂಭಾಗ ಮಾತ್ರ ಉಬ್ಬಿರುವುದು ಚಿತ್ರಾರ್ಧ. ಬಣ್ಣದಿಂದ ಬರೆದದ್ದು ಚಿತ್ರಾಭಾಸ. ಗರ್ಭಗುಡಿಯಲ್ಲಿ ಕದಲದೆ ನಿಂತದ್ದು ಮೂಲಬೇರ, ತಮಿಳಿನಲ್ಲಿ ಮೂಲವರ್. ತೇರಿನಲ್ಲಿ ಹೊರಡುವ ಲೋಹದ ಮೂರ್ತಿ ಉತ್ಸವಬೇರ, ಅಂದರೆ ಉತ್ಸವರ್.

೩. ನೂಲು ಮತ್ತು ಅಳತೆ

ಮಗ್ಗದ ಮನೆಗಳಲ್ಲಿ ಹುಟ್ಟಿ ಬೆಳೆದವರಿಗೆ ಈ ಭಾಗವು ಬೇಗನೆ ತಿಳಿಯುತ್ತದೆ. ಹಾಸು ನೆಟ್ಟಗಿಲ್ಲದೆ ಹೊಕ್ಕು ನಿಲ್ಲಲಾರದು. ಹಾಗೆಯೇ ಸೂತ್ರವಿಲ್ಲದೆ ವಿಗ್ರಹವಿಲ್ಲ. ಸೂತ್ರವೆಂದರೆ ನೂಲು, ತಮಿಳಿನಲ್ಲಿಯೂ ನೂಲ್. ವಿಗ್ರಹದ ನಡುವೆ ಕಿರೀಟದಿಂದ ಪಾದದವರೆಗೆ ಇಳಿಬಿಟ್ಟ ನೂಲಿಗೆ ಬ್ರಹ್ಮಸೂತ್ರವೆಂದು ಹೆಸರು. ಎಲ್ಲ ಅಂಗಗಳ ಸ್ಥಾನವೂ ಈ ನೂಲಿನಿಂದಲೇ ನಿರ್ಣಯವಾಗುತ್ತದೆ.

ಅಳತೆಗೆ ಅಂಗುಲ, ತಾಳ ಎಂಬ ಮಾನಗಳುಂಟು. 8 ಯವ ಸೇರಿ 1 ಅಂಗುಲ. 12 ಅಂಗುಲ ಸೇರಿ 1 ತಾಳ. ತಾಳವು ಸುಮಾರಾಗಿ ಒಂದು ಮುಖದ ಉದ್ದ. ಶಿವ, ವಿಷ್ಣು, ಬ್ರಹ್ಮರಿಗೆ ಉತ್ತಮ ದಶತಾಳ, ಅಂದರೆ 124 ಅಂಗುಲ. ದೇವಿಯರಿಗೆ ಮಧ್ಯಮ ದಶತಾಳ, 120 ಅಂಗುಲ. ಗಣಪತಿಗೆ ಪಂಚತಾಳ, ಆದಕಾರಣವೇ ಅವನ ಮೂರ್ತಿಯು ಗಿಡ್ಡಾಗಿಯೂ ಮುದ್ದಾಗಿಯೂ ಇರುವುದು.

ಇಲ್ಲಿ ಅಂಗುಲವೆಂದರೆ ನಮ್ಮ ಬೆರಳಿನ ಅಳತೆಯಲ್ಲ. ವಿಗ್ರಹದ ಒಟ್ಟು ಎತ್ತರವನ್ನು 124 ಪಾಲು ಮಾಡಿದರೆ ಒಂದು ಪಾಲಿಗೆ ದೇಹಾಂಗುಲವೆಂದು ಹೆಸರು. 5 ಅಡಿ 2 ಅಂಗುಲ ಎತ್ತರದ ಶಿವಮೂರ್ತಿಯನ್ನು ಮಾಡುವುದಾದರೆ, ಈಗಿನ ಅಳತೆಯಲ್ಲಿ ಅದು 62 ಇಂಚು. ದೇಹಾಂಗುಲವು ಅರ್ಧ ಇಂಚು. ಅಂಗೈಯಷ್ಟು ಚಿಕ್ಕ ಮೂರ್ತಿಗೂ ಆಳೆತ್ತರದ ಮೂರ್ತಿಗೂ ಪ್ರಮಾಣವು ಒಂದೇ ಆಗಿರುವುದು ಈ ಲೆಕ್ಕದಿಂದ.

೪. ನಿಲುವು, ಆಸನ, ಹಸ್ತ

ಬ್ರಹ್ಮಸೂತ್ರವನ್ನು ಮನಸ್ಸಿನಲ್ಲಿ ಇಳಿಬಿಟ್ಟು ನೋಡಿದರೆ ನಿಲುವು ತಿಳಿಯುತ್ತದೆ. ದೇಹವು ನೂಲಿನ ಎರಡು ಕಡೆಗೂ ಸಮವಾಗಿದ್ದರೆ ಸಮಭಂಗ. ನಡುವು ತುಸು ಓರೆಯಾದರೆ ಆಭಂಗ. ತಲೆ, ಎದೆ, ಕಾಲುಗಳು ಮೂರು ಕಡೆ ಬಾಗಿದರೆ ತ್ರಿಭಂಗ. ಕೊಳಲೂದುವ ಕೃಷ್ಣನನ್ನು ನೆನೆಯಿರಿ. ಯುದ್ಧದಲ್ಲಿಯೋ ತಾಂಡವದಲ್ಲಿಯೋ ಮೈಯೆಲ್ಲ ಬಲವಾಗಿ ಬಾಗಿದರೆ ಅತಿಭಂಗ.

ಕುಳಿತ ಮೂರ್ತಿಗಳಲ್ಲಿ, ಎರಡು ಪಾದಗಳೂ ತೊಡೆಗಳ ಮೇಲಿದ್ದರೆ ಪದ್ಮಾಸನ. ಒಂದು ಕಾಲನ್ನು ಪೀಠದ ಮೇಲೆ ಮಡಿಸಿ ಇನ್ನೊಂದನ್ನು ಇಳಿಬಿಟ್ಟಿದ್ದರೆ ಸುಖಾಸನ ಅಥವಾ ಲಲಿತಾಸನ. ನಮ್ಮ ಸೀಮೆಯ ಅಮ್ಮನವರ ಎಷ್ಟೋ ಮೂರ್ತಿಗಳು ಈ ಎರಡನೆಯ ಬಗೆಯವು.

ಕೈಗಳನ್ನು ಓದುವಾಗ ಮುಂದಿನ ಕೈಗಳನ್ನೂ ಹಿಂದಿನ ಕೈಗಳನ್ನೂ ಬೇರೆಬೇರೆಯಾಗಿ ನೋಡತಕ್ಕದ್ದು. ಹಿಂದಿನ ಕೈಗಳಲ್ಲಿ ಸಾಮಾನ್ಯವಾಗಿ ಆಯುಧಗಳು; ಮುಂದಿನ ಕೈಗಳಲ್ಲಿ ಭಕ್ತನಿಗೆ ಹೇಳುವ ಮಾತು. ಅಂಗೈಯನ್ನು ನಮಗೆ ತೋರಿಸಿ ಬೆರಳುಗಳು ಮೇಲಾಗಿದ್ದರೆ ಅಭಯಹಸ್ತ: “ಹೆದರಬೇಡ” ಎಂದು ಅರ್ಥ. ಅಂಗೈ ಹೊರಗಾಗಿ ಬೆರಳುಗಳು ಕೆಳಗಾಗಿದ್ದರೆ ವರದಹಸ್ತ: “ಬೇಡಿಕೋ, ಕೊಡುತ್ತೇನೆ” ಎಂದು ಅರ್ಥ. ಹೂವನ್ನು ಸಿಕ್ಕಿಸಲು ಬರುವಂತೆ ಬೆರಳುಗಳು ಬಾಗಿದ್ದರೆ ಕಟಕಹಸ್ತ. ತೋರುಬೆರಳು ಎತ್ತಿ ಎಚ್ಚರಿಸಿದರೆ ತರ್ಜನಿ; ದ್ವಾರಪಾಲಕರಲ್ಲಿ ಇದನ್ನು ಕಾಣಬಹುದು. ಹೆಬ್ಬೆರಳೂ ತೋರುಬೆರಳೂ ಕೂಡಿದರೆ ಚಿನ್ಮುದ್ರೆ. ಅದು ದಕ್ಷಿಣಾಮೂರ್ತಿಯ ಗುರುತು.

ಶಿವಮೂರ್ತಿಯ ಹಿಂದಿನ ಕೈಗಳಲ್ಲಿ ಒಂದು ಪ್ರಾಂತಭೇದವೂ ಇದೆ. ತಮಿಳುನಾಡಿನಲ್ಲಿ ಬಹುತೇಕ ಕೊಡಲಿಯೂ ಜಿಂಕೆಯೂ ಇರುತ್ತವೆ. ಇವನ್ನು ಮಳು, ಮಾನ್ ಎನ್ನುತ್ತಾರೆ. ಕನ್ನಡನಾಡಿನ ಮೂರ್ತಿಗಳಲ್ಲಿ ತ್ರಿಶೂಲವೂ ಡಮರುವೂ ಹೆಚ್ಚು. ಎರಡನ್ನೂ ಅರಿತವನಿಗೆ ಶಿವನು ಎಲ್ಲಿ ನಿಂತರೂ ಗುರುತು ಸಿಗುತ್ತದೆ.

೫. ಪೇರೂರಿನಲ್ಲಿ ಅಭ್ಯಾಸ

ಕಲಿತ ಹೆಸರುಗಳನ್ನು ಪ್ರಯೋಗಿಸಿ ನೋಡಲು ಕೊಯಮತ್ತೂರಿನ ಪಕ್ಕದ ಪೇರೂರಿಗಿಂತ ಒಳ್ಳೆಯ ಪಾಠಶಾಲೆ ನಮಗಿಲ್ಲ. ಪಟ್ಟೀಶ್ವರ ಸ್ವಾಮಿಯ ಸನ್ನಿಧಿಯಲ್ಲಿರುವ ಕನಕಸಭೆಯನ್ನು 17ನೆಯ ಶತಮಾನದಲ್ಲಿ ಮಧುರೆಯ ನಾಯಕರ ಮನೆತನದ ಅಳಗಾದ್ರಿ ನಾಯಕನು ಕಟ್ಟಿಸಿದನು. ಅಲ್ಲಿಯ ಮಹಾಸ್ತಂಭಗಳಲ್ಲಿ ಊರ್ಧ್ವತಾಂಡವ, ಗಜಸಂಹಾರ, ಭಿಕ್ಷಾಟನ, ವೀರಭದ್ರ, ಆಲಂಗಾಟ್ಟು ಕಾಳಿ ಮುಂತಾದ ಮೂರ್ತಿಗಳು ಆಳೆತ್ತರಕ್ಕೂ ಮಿಗಿಲಾಗಿ ನಿಂತಿವೆ.

ಮೊದಲು ನಟರಾಜನನ್ನು ಓದಿರಿ. ಹಿಂದಿನ ಬಲಗೈಯಲ್ಲಿ ಡಮರು: ಸೃಷ್ಟಿಯ ನಾದ. ಹಿಂದಿನ ಎಡಗೈಯಲ್ಲಿ ಅಗ್ನಿ: ಸಂಹಾರ. ಮುಂದಿನ ಬಲಗೈ ಅಭಯ. ಮುಂದಿನ ಎಡಗೈ ಆನೆಯ ಸೊಂಡಿಲಿನಂತೆ ಅಡ್ಡವಾಗಿ ಚಾಚಿದ ಗಜಹಸ್ತ. ಅದು ಎತ್ತಿದ ಪಾದವನ್ನು ತೋರಿಸುತ್ತದೆ. ಕಾಲಡಿಯ ಕುಳ್ಳನು ಅಜ್ಞಾನದ ರೂಪನಾದ ಅಪಸ್ಮಾರ, ತಮಿಳಿನಲ್ಲಿ ಮುಯಲಗನ್.

ತರುವಾಯ ಕಂಬಗಳಿಗೆ ಬನ್ನಿರಿ. ಒಂದು ಕಾಲು ನೆಟ್ಟಗೆ ತಲೆಯ ಮಟ್ಟಕ್ಕೆ ಏರಿದ್ದರೆ ಅದು ಊರ್ಧ್ವತಾಂಡವ, ಕಾಳಿಯೊಡನೆ ನಾಟ್ಯಸ್ಪರ್ಧೆಯಲ್ಲಿ ಶಿವನು ಗೆದ್ದ ನಿಲುವು. ಆನೆಯ ತಲೆಯನ್ನು ಮೆಟ್ಟಿ, ಅದರ ಚರ್ಮವನ್ನು ಬೆನ್ನ ಹಿಂದೆ ಹರವಿ ಹಿಡಿದಿದ್ದರೆ ಗಜಸಂಹಾರ. ಕಾಲಲ್ಲಿ ಪಾದುಕೆ, ಪಕ್ಕದಲ್ಲಿ ನೆಗೆಯುವ ಜಿಂಕೆ, ಭಿಕ್ಷಾಪಾತ್ರೆ ಇವುಗಳಿದ್ದರೆ ಭಿಕ್ಷಾಟನ. ಒಂದೇ ಭೇಟಿಯಲ್ಲಿ ಎಲ್ಲವನ್ನೂ ಕಲಿಯಬೇಕೆಂದಿಲ್ಲ. ಮಕ್ಕಳನ್ನು ಒಂದು ಕಂಬದ ಮುಂದೆ ನಿಲ್ಲಿಸಿ ಮೂರೇ ಪ್ರಶ್ನೆಗಳನ್ನು ಕೇಳಿರಿ: ನಿಲುವು ಯಾವುದು? ಮುಂದಿನ ಕೈಗಳು ಏನು ಹೇಳುತ್ತವೆ? ಹಿಂದಿನ ಕೈಗಳಲ್ಲಿ ಏನಿದೆ? ಈ ಮೂರಕ್ಕೆ ಉತ್ತರ ದೊರೆತರೆ ಮೂರ್ತಿಯ ಹೆಸರು ತಾನಾಗಿಯೇ ಬರುತ್ತದೆ.

೬. ಜೀರ್ಣೋದ್ಧಾರ ಕಾಲದ ಎಚ್ಚರಿಕೆ

ಈಗ ಈ ಪಾಠದ ಪ್ರಯೋಜನವನ್ನು ಹೇಳುತ್ತೇನೆ. ಹನ್ನೆರಡು ವರ್ಷಗಳಿಗೊಮ್ಮೆ ಕುಂಭಾಭಿಷೇಕ ಮಾಡುವುದು ನಮ್ಮಲ್ಲಿ ರೂಢಿ. ತಿರುಪ್ಪಣಿಗೆ ಹಣ ಕೂಡುತ್ತದೆ, ಉತ್ಸಾಹವೂ ಕೂಡುತ್ತದೆ. ಆದರೆ ಹೆಸರು ಅರಿಯದ ಉತ್ಸಾಹವು ಕಾಲಕ್ಕಿಂತಲೂ ಹೆಚ್ಚು ಕೆಡಿಸಬಲ್ಲದು.

ಅಂಗಳದ ನೆಲವನ್ನು ಎತ್ತರಿಸಿ ಹೊಸ ಕಲ್ಲು ಹಾಸಿದರೆ ಉಪಾನವೂ ಜಗತಿಯೂ ಮಣ್ಣುಪಾಲು. ಅವುಗಳ ಮೇಲಿನ ಶಾಸನವೂ ಅಷ್ಟೇ. ದಾನ ಕೊಟ್ಟ ಪೂರ್ವಿಕರ ಹೆಸರು ಅಲ್ಲಿಯೇ ಇರಬಹುದು. ಯಂತ್ರದ ಗಾಳಿಯ ರಭಸದಿಂದ ಮರಳನ್ನು ಹೊಡೆದು ಕಂಬವನ್ನು ಬೆಳ್ಳಗೆ ಮಾಡಿದರೆ, ಕೊಳೆಯೊಡನೆ ಉಳಿಯ ಗುರುತೂ ಹೋಗುತ್ತದೆ, ಅಕ್ಷರಗಳು ಸವೆಯುತ್ತವೆ, ಮೈ ಒರಟಾಗಿ ಧೂಳೂ ಎಣ್ಣೆಯೂ ಮೊದಲಿಗಿಂತ ಬೇಗನೆ ಹಿಡಿಯುತ್ತವೆ. ನೀರು, ಮೆತ್ತನೆಯ ಕುಂಚ, ತಾಳ್ಮೆ ಇವು ಮೂರೇ ಕಲ್ಲಿಗೆ ಹಿತ. ಗೋಪುರದ ಗಾರೆಯ ಬೊಂಬೆಗಳಿಗೆ ತಮಿಳಿನಲ್ಲಿ ಸುದೈ ಎಂದು ಹೆಸರು. ಹಿಂದೆ ಸುಣ್ಣದ ಗಾರೆಗೆ ಬೆಲ್ಲವನ್ನೂ ಅಳಲೆಕಾಯಿಯ ನೀರನ್ನೂ ಬೆರೆಸುತ್ತಿದ್ದರು. ಅಳಲೆಯನ್ನೇ ತಮಿಳರು ಕಡುಕ್ಕಾಯ್ ಎನ್ನುವುದು. ಆ ಗಾರೆಯು ಉಸಿರಾಡುತ್ತದೆ. ಅದರ ಮೇಲೆ ಸಿಮೆಂಟನ್ನು ಮೆತ್ತಿದರೆ ಒಳಗಿನ ತೇವವು ಹೊರಬರಲಾರದೆ ಹಳೆಯ ಇಟ್ಟಿಗೆಯನ್ನು ತಿನ್ನುತ್ತದೆ. ಗಾರೆಯ ಬೊಂಬೆಗೆ ಪಂಚವರ್ಣವು ಶೋಭೆ. ಕಲ್ಲಿನ ಮೂರ್ತಿಗೆ ಎಣ್ಣೆಬಣ್ಣವು ಮುಸುಕು.

ಸಭೆಯಲ್ಲಿ ಎದ್ದು ನಿಂತು, “ಆ ಹಳೆಯ ಕಲ್ಲನ್ನು ಏನೂ ಮಾಡಬೇಡಿ” ಎಂದರೆ ಯಾರೂ ಕಿವಿಗೊಡುವುದಿಲ್ಲ. “ಜಗತಿಯ ಮೇಲೆ ಶಾಸನವಿದೆ, ನೆಲವನ್ನು ಉಪಾನದ ಕೆಳಗೇ ನಿಲ್ಲಿಸಿರಿ” ಎಂದರೆ ಸ್ಥಪತಿಗಳೂ ಒಪ್ಪುತ್ತಾರೆ, ಕಂಟ್ರಾಕ್ಟರೂ ಕೇಳುತ್ತಾನೆ. ಹೆಸರು ತಿಳಿದವನ ಮಾತಿಗೆ ಬೆಲೆಯುಂಟು. ನಮ್ಮ ಗುಡಿಯಲ್ಲಿ ಈ ಸಲ ನಡೆದದ್ದೂ ಹಾಗೆಯೇ: ಕೆಲಸ ಆರಂಭವಾಗುವ ಮುನ್ನ ಪ್ರತಿಯೊಂದು ಕಲ್ಲಿನ ಹೆಸರನ್ನೂ ಸ್ಥಾನವನ್ನೂ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಒಂದು ಪುಸ್ತಕದಲ್ಲಿ ಬರೆದಿಟ್ಟೆವು. ಶಾಲೆಯ ಮಕ್ಕಳೇ ಅದನ್ನು ಬರೆದರು. ಮುಂದಿನ ಕುಂಭಾಭಿಷೇಕಕ್ಕೆ ಅವರೇ ಹಿರಿಯರಲ್ಲವೇ?

ಹೊಸ ವಿಗ್ರಹದಲ್ಲಿ ಸ್ಥಪತಿಯು ಕಟ್ಟಕಡೆಗೆ ಮಾಡುವ ಕೆಲಸ ನೇತ್ರೋನ್ಮೀಲನ, ತಮಿಳಿನಲ್ಲಿ ಕಣ್ ತಿರಪ್ಪು. ಅಂದರೆ ಕಣ್ಣು ತೆರೆಸುವುದು. ಅದುವರೆಗೆ ಅದು ಶಿಲೆ, ತರುವಾಯ ಮೂರ್ತಿ. ಭಕ್ತನ ಕಣ್ಣೂ ಒಮ್ಮೆ ತೆರೆಯಬೇಕಾಗಿದೆ. ಅದನ್ನು ತೆರೆಸುವ ಸೂಜಿಯು ಸ್ಥಪತಿಯ ಕೈಯಲ್ಲಿಲ್ಲ. ಮನೆಯ ಹಿರಿಯರ ಬಾಯಲ್ಲಿದೆ.

ಹುಲಿಕಲ್ಲು ಈಗ ಬೇವಿನ ಮರದ ಬುಡದಲ್ಲಿ, ಮೊದಲಿನ ಸ್ಥಾನದಲ್ಲಿಯೇ, ಮುಖವು ಮೂಡಣಕ್ಕಾಗಿ ನಿಂತಿದೆ. ಅನೇಕ ವರ್ಷ ಕಾಲಡಿಯಲ್ಲಿದ್ದರೂ ಮುಖವು ಕೆಳಗಾಗಿದ್ದ ಕಾರಣ ಹುಲಿಯ ಪಟ್ಟೆಗಳು ಸವೆಯದೆ ಉಳಿದಿವೆ. ದರ್ಶನಕ್ಕೆ ಬರುವ ಮಹನೀಯರು ಅಲ್ಲಿ ಒಂದು ಗಳಿಗೆ ನಿಂತು, ಜೊತೆಯ ಮಕ್ಕಳಿಗೆ ಅದರ ಎರಡು ಹೆಸರುಗಳನ್ನೂ ಹೇಳಿಕೊಡಬೇಕೆಂದು ಬೇಡುತ್ತೇನೆ. ಅಮಾವಾಸ್ಯೆಯ ದೀಪವನ್ನು ಈಗ ನಮ್ಮ ಮನೆಯಿಂದಲೇ ಇಡುತ್ತಿದ್ದೇವೆ.

ಅಮ್ಮನವರ ಕೃಪೆಯು ಸಕಲರ ಮೇಲೆಯೂ ಇರಲಿ.